ಹರಳುಕಡ್ಡಿಯ ಅನಿಲವೂ ಎತ್ತಿನ ಗೊರಸೂ

ಹೊಲದ ಕಡ್ಡಿಕಸದಿಂದ ಅನಿಲ ತಯಾರಿಸುವ ಕೆಲಸಕ್ಕೆ ಈಗ ಮತ್ತೆ ತರುಣರು ಸೇರುತ್ತಿದ್ದಾರೆಂಬ ಸುದ್ದಿ ಕೇಳಿದಾಗ ನನಗೆ ಸಂತೋಷವಾಗಬೇಕಿತ್ತು; ಮೊದಲು ಆದದ್ದು ಸಂಕಟ. ಅಂಥ ಇಬ್ಬರು ತರುಣರು ಈಚೆಗೆ ನಮ್ಮ ಮನೆಗೆ ಬಂದಿದ್ದರು. ವಿನಯವಂತರು, ಓದಿಕೊಂಡವರು. ತಮ್ಮದು ಈ ಸೀಮೆಯಲ್ಲಿ ಮೊದಲನೆಯ ಪ್ರಯತ್ನವೆಂದು ನಂಬಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲೇ ದೇವನಹಳ್ಳಿಯ ಹತ್ತಿರ ಹರಳೆಣ್ಣೆ ಕೊಡುವ ಹರಳುಗಿಡದ ಕಡ್ಡಿಯಿಂದ ಬಾವಿಯ ಎಂಜಿನ್ನು ಓಡಿತ್ತೆಂದು ನಾನು ಹೇಳಿದಾಗ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. "ಅದರ ವಿವರ ಎಲ್ಲಾದರೂ ಸಿಗುತ್ತದೆಯೇ ಸಾರ್?" ಎಂದು ಕೇಳಿದರು. ಎಲ್ಲಿಯೂ ಸಿಗುವುದಿಲ್ಲ. ಆ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿ, ವರ್ಗಾವಣೆಗಳ ವೃತ್ತಾಂತದಿಂದ ಯಾರಿಗೂ ಉಪಯೋಗವಿಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ನಾನು ಈ ಕೆಲಸಕ್ಕೆ ಬಂದದ್ದು ರಸಾಯನಶಾಸ್ತ್ರದ ಬಲದಿಂದಲ್ಲ, ಮಾತಿನ ಬಲದಿಂದ. ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿ ಬಟ್ಟಲು ಗೆದ್ದವನು ನಾನು. ಒಂದು ವಿಷಯವನ್ನು ಕೊಟ್ಟರೆ ಪರವಾಗಿಯೂ ವಿರೋಧವಾಗಿಯೂ ಅಷ್ಟೇ ಆವೇಶದಿಂದ ವಾದಿಸಬಲ್ಲೆನೆಂಬ ಹೆಮ್ಮೆಯಿತ್ತು. ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಾಗ, ಇದ್ದಿಲಿನಿಂದ ಅನಿಲ ತಯಾರಿಸಿ ಬಸ್ಸು ಓಡಿಸುವ ವಿಧಾನವನ್ನು ಪ್ರಚಾರ ಮಾಡಲು ಸರ್ಕಾರದ ಒಂದು ಇಲಾಖೆಗೆ ಜನ ಬೇಕಾಯಿತು. ನನ್ನನ್ನು ಸಂದರ್ಶಿಸಿದ ಸೂಪರಿಂಟೆಂಡೆಂಟ್ ಸುಬ್ಬರಾಯರು ಕನ್ನಡಕದ ಮೇಲಿನಿಂದ ನೋಡಿ, "ಚೆನ್ನಾಗಿ ಭಾಷಣ ಮಾಡ್ತೀರಂತೆ?" ಎಂದರು. "ಹೌದು ಸ್ವಾಮಿ" ಎಂದೆ. "ಬಸ್ಸು ಭಾಷಣ ಕೇಳಿ ಓಡೋದಿಲ್ಲ. ನೆನಪಿರಲಿ" ಎಂದು ನೇಮಕಾತಿಗೆ ರುಜು ಹಾಕಿದರು. ಅವರು ನಿಷ್ಠುರರು, ಆದರೆ ಅನ್ಯಾಯದವರಲ್ಲ. ಈ ಮಾತನ್ನು ಮುಂದಿನ ಪ್ರಸಂಗ ಓದುವಾಗಲೂ ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಯಂತ್ರದ ತತ್ತ್ವ ಸರಳ. ಮುಚ್ಚಿದ ಕಬ್ಬಿಣದ ಹಂಡೆಯಲ್ಲಿ ಇದ್ದಿಲನ್ನೋ ಕಡ್ಡಿಯನ್ನೋ ತುಂಬಿ, ಬೇಕಾದ್ದಕ್ಕಿಂತ ಕಡಿಮೆ ಗಾಳಿ ಕೊಟ್ಟು ಉರಿಸಿದರೆ ಅದು ಪೂರ್ತಿ ಸುಡದೆ, ಉರಿಯಬಲ್ಲ ಅನಿಲವನ್ನು ಬಿಡುತ್ತದೆ. ಆ ಅನಿಲವನ್ನು ತಂಪು ಮಾಡಿ, ತೆಂಗಿನ ನಾರಿನ ನಡುವೆ ಹಾಯಿಸಿ ಶುದ್ಧಗೊಳಿಸಿ ಎಂಜಿನ್ನಿಗೆ ಕೊಡಬೇಕು. ಇಷ್ಟರ ಮೇಲೆ ಒಂದು ಸೂಕ್ಷ್ಮವಿದೆ. ಧಗಧಗಿಸುವ ಕೆಂಡದ ಮೇಲೆ ತೊಟ್ಟುತೊಟ್ಟಾಗಿ ನೀರು ಬಿಟ್ಟರೆ ನೀರು ಹಬೆಯಾಗಿ, ಹಬೆ ಒಡೆದು, ಅದರೊಳಗಿನ ಜಲಜನಕ ಬಿಡುಗಡೆಯಾಗುತ್ತದೆ. ಜಲಜನಕ ಹೆಚ್ಚಿದಷ್ಟೂ ಅನಿಲಕ್ಕೆ ಕಸುವು ಹೆಚ್ಚು. ಅದಕ್ಕಾಗಿ ಹಂಡೆಯ ಪಕ್ಕದಲ್ಲಿ ಒಂದು ಸಣ್ಣ ಹಿತ್ತಾಳೆಯ ನಲ್ಲಿ. ನನ್ನ ಇಡೀ ಕಥೆ ಆ ನಲ್ಲಿಯನ್ನು ಎಷ್ಟು ತಿರುಗಿಸಬೇಕೆಂಬುದರ ಮೇಲೆ ನಿಂತಿದೆ.

ಮೊದಲಿಗೆ ನನ್ನನ್ನು ದೊಡ್ಡಬಳ್ಳಾಪುರದ ದಾರಿಯ ಬಸ್ಸುಗಳ ಮೇಲ್ವಿಚಾರಣೆಗೆ ಹಾಕಿದರು. ಜೊತೆಗೆ ಫಿಟ್ಟರ್ ಗಫಾರ್ ಸಾಹೇಬರು. ಅದೇ ಊರಿನವರು, ನನಗಿಂತ ಹಿರಿಯರು, ಮಾತಿಗೆ ಮೊದಲು ನಗುವವರು. ಬಸ್ಸಿನ ಹಿಂದೆ ಕಟ್ಟಿದ ಹಂಡೆ ಏರು ಬಂದಕೂಡಲೇ ಏದುಸಿರು ಬಿಡುತ್ತಿತ್ತು. ಗಂಡಸರೆಲ್ಲ ಇಳಿದು ತಳ್ಳುವುದು ವಾಡಿಕೆ. ನಾನು ತಳ್ಳುವವರ ಪಕ್ಕದಲ್ಲೇ ನಡೆಯುತ್ತ ಸ್ವದೇಶಿ ಇಂಧನದ ಮಹತ್ತ್ವವನ್ನು ವಿವರಿಸುತ್ತಿದ್ದೆ. ಒಂದು ದಿನ, ಸೀರೆಯ ಗಂಟು ಹೊತ್ತಿದ್ದ ನೇಕಾರರೊಬ್ಬರು ತಳ್ಳುತ್ತಲೇ, "ಸ್ವಾಮಿ, ಮಾತಾಡೋಕೆ ಇರೋ ಉಸಿರಲ್ಲಿ ಒಂದು ಕೈ ಹಾಕ್ಬಾರ್ದಾ?" ಎಂದರು. ಗಫಾರ್ ಸಾಹೇಬರು ಮುಂದಿನಿಂದ ಕೂಗಿದರು: "ಬೇಡಪ್ಪಾ, ಅವರ ಗ್ಯಾಸು ಬೇರೆ ಥರದ್ದು. ಫಿಲ್ಟರ್ ಹಾಕ್ದೆ ಎಂಜಿನ್ನಿಗೆ ಬಿಟ್ರೆ ಕೆಟ್ಟೋಗುತ್ತೆ!" ಅಂದಿನಿಂದ ನಾನೂ ತಳ್ಳಿದೆ.

ಈ ಕೆಲಸದಲ್ಲಿ ನಗೆಯಾಡಬಾರದ ಸಂಗತಿ ಒಂದಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಅನಿಲ ವಿಷ. ಅದರಲ್ಲಿ ಕೊಲ್ಲುವ ಭಾಗಕ್ಕೆ ವಾಸನೆಯಿಲ್ಲ. ತಲೆನೋವು ಬಂದರೆ ಅದು ಬಿಸಿಲಿನದೆಂದು ಸುಮ್ಮನಿರಬೇಡಿ. ಕೂಡಲೇ ಬಯಲಿಗೆ ಬನ್ನಿ, ಗಾಳಿಗೆ ಮುಖ ಕೊಟ್ಟು ನಿಲ್ಲಿ. ಮುಚ್ಚಳವನ್ನು ಒಮ್ಮೆಗೇ ತೆರೆಯಬೇಡಿ. ಕಡಲೆಕಾಯಿ ಸಿಪ್ಪೆಯನ್ನು ಪ್ರಯೋಗಿಸುವಾಗ ನಾನು ಹಾಗೆ ತೆರೆದಿದ್ದೆ. ಸಿಪ್ಪೆ ಹಗುರವಾದ್ದರಿಂದ ಕೆಳಗಿಳಿಯದೆ ಹಂಡೆಯೊಳಗೆ ಕಮಾನಿನಂತೆ ನಿಂತುಬಿಟ್ಟಿತ್ತು; ಅದರ ಕೆಳಗೆಲ್ಲ ಟೊಳ್ಳು. ಮುಚ್ಚಳ ತೆಗೆದದ್ದೇ ತಡ, ಗಾಳಿ ನುಗ್ಗಿ ಬುಗ್ಗೆಂದು ಜ್ವಾಲೆ ಎದ್ದು ನನ್ನ ಹುಬ್ಬು, ಮೀಸೆ ಎರಡನ್ನೂ ಒಯ್ದಿತು. ಕಚೇರಿಗೆ ಹೋದಾಗ ಸುಬ್ಬರಾಯರು ನನ್ನನ್ನು ಬಹಳ ಹೊತ್ತು ನೋಡಿ, "ಯಾರು ನೀವು?" ಎಂದು ಕೇಳಿದರು.

ಆದರೆ ಇದ್ದಿಲಿನ ಬಸ್ಸು ನನ್ನ ಆದರ್ಶವಾಗಿರಲಿಲ್ಲ. ಇದ್ದಿಲಿಗೆ ಮರ ಕಡಿಯಬೇಕು. ಹೊಲದಲ್ಲಿ ಉಳಿಯುವ ಕಸದಿಂದಲೇ ರೈತನ ಬಾವಿಯ ನೀರನ್ನು ಮೇಲೆತ್ತಿದರೆ? ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆದು ಚರ್ಮದ ಬಾನಿಯಲ್ಲಿ ನೀರೆತ್ತುವ ಕಪಿಲೆಯ ಶ್ರಮವೇ ತಪ್ಪಿದರೆ? ಈ ವಿಚಾರ ನನ್ನನ್ನು ಹಿಡಿದುಬಿಟ್ಟಿತು. ಹೊಸಕೋಟೆಯ ಸಂತೆಯಲ್ಲಿ ನಿಂತು, "ನೀವು ಬಿಸಾಡುವ ಕಸವೇ ನಿಮ್ಮ ನಾಳಿನ ಶಕ್ತಿ" ಎಂದು ಭಾಷಣ ಮಾಡಿದೆ. ಮುದುಕರೊಬ್ಬರು ಎದ್ದು ಕೇಳಿದರು: "ಯಾವುದ್ನ ಸ್ವಾಮಿ ನಾವು ಬಿಸಾಕೋದು?" ರಾಗಿ ಹುಲ್ಲು ದನಕ್ಕೆ, ಕಡಲೆಕಾಯಿ ಸಿಪ್ಪೆ ಕುಂಬಾರರ ಆವಿಗೆಗೆ, ತೊಗರಿ ಕಡ್ಡಿ ಪೊರಕೆಗೆ, ಹಿಪ್ಪುನೇರಳೆ ಕಡ್ಡಿ ಒಲೆಗೆ. ಎಲ್ಲಕ್ಕೂ ಲೆಕ್ಕವಿತ್ತು. ಕೊನೆಗೆ ಆ ಮುದುಕರೇ ಕನಿಕರಪಟ್ಟು, "ಹರಳುಕಡ್ಡಿ ಬೇಕಾದ್ರೆ ತಗಳಿ. ಒಲೆಗಿಟ್ರೆ ಕಣ್ಣುರಿ, ಬುಸ್ ಅಂತ ಉರಿದು ಹೋಯ್ತದೆ. ಹೆಂಗಸ್ರು ಬಯ್ತಾರೆ" ಎಂದರು. ರಾಗಿ ಹೊಲದ ಅಂಚಿನಲ್ಲೆಲ್ಲ ಹರಳು ಬೆಳೆಯುತ್ತಿದ್ದ ಕಾಲ ಅದು. ನನ್ನ ಇಂಧನ ಹೀಗೆ ನಿಶ್ಚಯವಾಯಿತು.

ಸುಬ್ಬರಾಯರ ಹಿಂದೆ ಬಿದ್ದು, ಕೆಟ್ಟ ಮೋಟಾರೊಂದರ ಎಂಜಿನ್ನು, ಒಂದು ಪಂಪು, ಒಂದು ಹಂಡೆಯನ್ನು ಸಂಪಾದಿಸಿದೆ. ಅವರ ಷರತ್ತು ಒಂದೇ: ಬೇಸಿಗೆಯ ಕೊನೆಗೆ ತಾವೇ ಬಂದು ನೋಡುವರು. ಆ ದಿನ ಎಂಜಿನ್ನು ನಿಲ್ಲದೆ ನೀರೆತ್ತಿದರೆ ಯಂತ್ರ ಆ ಬಾವಿಗೇ ಶಾಶ್ವತ, ಇನ್ನಷ್ಟು ಬಾವಿಗಳಿಗೂ ಶಿಫಾರಸು. ಇಲ್ಲವಾದರೆ ಯಂತ್ರ ವಾಪಸ್ಸು, ಯೋಜನೆ ಮುಕ್ತಾಯ.

ದೇವನಹಳ್ಳಿಯಿಂದ ಗಾಡಿದಾರಿಯಲ್ಲಿ ಒಳಕ್ಕಿರುವ ಒಂದು ಚಿಕ್ಕ ಹಳ್ಳಿಯನ್ನು ಆರಿಸಿಕೊಂಡೆವು. ಬಾವಿ ಕೆಲವು ಮನೆಗಳಿಗೆ ಸೇರಿದ್ದು. ನೀರು ಹೋಗುತ್ತಿದ್ದುದು ಹಿಪ್ಪುನೇರಳೆ ತೋಟಕ್ಕೆ. ಮುಂದೆ ನಿಂತು ಮಾತಾಡುತ್ತಿದ್ದವನು ಮುನಿವೆಂಕಟಪ್ಪ. ಹಿಂದೆ ನಿಂತು ತೀರ್ಮಾನಿಸುತ್ತಿದ್ದವರು ಅವನ ಅತ್ತಿಗೆ ಅಕ್ಕಯ್ಯಮ್ಮ. ಗಂಡ ತೀರಿಕೊಂಡ ಮೇಲೆ ಎರಡು ಎತ್ತುಗಳ ಬಲದಿಂದ ಬೇಸಾಯ ನಡೆಸಿದವರು.

ಯಂತ್ರ ಹೊತ್ತಿಸಲು ಹೋದ ದಿನ ಶುಕ್ರವಾರ. ಹೊತ್ತಿಸಲು ಒಂದಿಷ್ಟು ಕೆಂಡ ಬೇಕಿತ್ತು. ಬೆಂಕಿಪೊಟ್ಟಣ ಸಿಗುವುದೇ ಕಷ್ಟವಾಗಿದ್ದ ದಿನಗಳು. ನಾನು ಅಕ್ಕಯ್ಯಮ್ಮನವರ ಬಾಗಿಲಿಗೆ ಹೋಗಿ ಕೇಳಿದೆ.

"ಶುಕ್ರವಾರ ಮನೆ ಬೆಂಕಿ ಆಚೆಗೆ ಕೊಡಾಕಿಲ್ಲ ಸ್ವಾಮಿ."

ನಾನು ಮೂಢನಂಬಿಕೆಯ ವಿರುದ್ಧ ಮಾತಾಡತೊಡಗಿದೆ. ದಾಕ್ಷಿಣ್ಯಕ್ಕೆ ಪೂರ್ತಿ ಕೇಳಿದರು.

"ನೀವು ಹೇಳೋದೆಲ್ಲ ಸರಿ. ನಾಳೆ ಬನ್ನಿ, ಮೊರದ ತುಂಬ ಕೊಡ್ತೀನಿ."

ಬೇರೆ ಮನೆಗಳಲ್ಲೂ ಅದೇ ಉತ್ತರ. ಕೊನೆಗೆ ಗಫಾರ್ ಸಾಹೇಬರು ಮುನಿವೆಂಕಟಪ್ಪನ ತುಟಿಯಲ್ಲಿದ್ದ ಬೀಡಿಯನ್ನು ಮೆಲ್ಲಗೆ ತೆಗೆದು, ಎಣ್ಣೆಬಟ್ಟೆಗೆ ಮುಟ್ಟಿಸಿ, ಹಂಡೆಯ ಬಾಯಿಗಿಟ್ಟರು. "ಸರ್ಕಾರದ ಗ್ಯಾಸಿಗೆ ನಿನ್ನ ಬೀಡಿ ತಾತ ಕಣಪ್ಪಾ" ಎಂದರು. ಮುನಿವೆಂಕಟಪ್ಪ ಆಮೇಲೆ ಊರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಗೇಣುದ್ದ ಕತ್ತರಿಸಿ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದ ಹರಳುಕಡ್ಡಿ, ಅದಕ್ಕೆ ಬೆರೆಸಿದ ತೆಂಗಿನ ಕರಟದ ಚೂರು. ನಲ್ಲಿಯನ್ನು ಎಷ್ಟು ತಿರುಗಿಸಿದರೆ ಅನಿಲ ಚೆನ್ನಾಗಿರುತ್ತದೆಂದು ಹುಡುಕಿ, ಹಿತ್ತಾಳೆಯ ಮೇಲೆ ಉಳಿಯಿಂದ ಒಂದು ಗೆರೆ ಕೊರೆದೆ. ಗೆರೆಯಲ್ಲಿ ನಿಲ್ಲಿಸಿದಾಗ ಅನಿಲವನ್ನು ಉರಿಸಿ ಪರೀಕ್ಷಿಸುವ ಕೊಳವೆಯ ತುದಿಯ ಜ್ವಾಲೆ ಹಗಲಿನಲ್ಲಿ ಕಾಣದಷ್ಟು ತೆಳು ನೀಲಿ. ಎಂಜಿನ್ನು ಒಂದೇ ಶ್ರುತಿಯಲ್ಲಿ ಹಾಡುತ್ತಿತ್ತು. ಮೊದಲ ಸಲ ನೀರು ಕಾಲುವೆಗೆ ಬಿದ್ದಾಗ ಅಕ್ಕಯ್ಯಮ್ಮ ಅದರೊಳಗೆ ಕೈಯಿಟ್ಟು, ಕಪಿಲೆಯ ಇಳಿಜಾರಿನತ್ತ ತಿರುಗಿ ನೋಡಿದರು. ಅಲ್ಲಿ ಅವರ ಎತ್ತುಗಳು ಮೆಲುಕು ಹಾಕುತ್ತ ಮಲಗಿದ್ದವು. "ನೋಡು, ಜಹಗೀರ್ದಾರರು ಮಲಗವ್ರೆ" ಎಂದು ನಕ್ಕರು. ನನ್ನ ಜೀವಮಾನದಲ್ಲಿ ಗೆದ್ದ ಬಟ್ಟಲುಗಳಲ್ಲಿ ಯಾವುದೂ ಆ ನಗುವಿಗೆ ಸಮನಲ್ಲ.

ಕೆಲವು ವಾರಗಳ ಬಳಿಕ ಜ್ವಾಲೆ ಹಳದಿಗೆ ತಿರುಗಿತು. ಎಂಜಿನ್ನು ಕೆಮ್ಮತೊಡಗಿತು. ನೋಡಿದರೆ ನಲ್ಲಿ ನನ್ನ ಗೆರೆಯನ್ನು ದಾಟಿ ತಿರುಗಿದೆ. ಸರಿಪಡಿಸಿದೆ. ಮಾರನೆಯ ದಿನ ಮತ್ತೆ ಹಾಗೆಯೇ.

"ಯಾರಪ್ಪಾ ಇದನ್ನು ತಿರುಗಿಸಿದ್ದು?"

"ಗಾಳಿಗೆ ತಿರುಕ್ಕಂಡಿರಬೇಕು ಸ್ವಾಮಿ" ಎಂದ ಮುನಿವೆಂಕಟಪ್ಪ, ಆಕಾಶ ನೋಡುತ್ತ.

"ಹಿತ್ತಾಳೆ ನಲ್ಲಿ ಗಾಳಿಗೆ ತಿರುಗುತ್ತಾ?" ಎಂದರು ಗಫಾರ್ ಸಾಹೇಬರು. "ನಿಮ್ಮೂರ ಗಾಳೀನ ನಮ್ಮ ವರ್ಕ್‌ಶಾಪಿಗೆ ಕಳಿಸು, ಇಬ್ಬರು ಫಿಟ್ಟರಿಗೆ ರಜಾ ಕೊಡ್ತೀನಿ."

ಕಾರಣ ತಿಳಿದದ್ದು ಗಾಡಿಯಿಂದ. ಯುದ್ಧದ ದಿನಗಳಲ್ಲಿ ಕೀಲೆಣ್ಣೆಯ ಅಭಾವ. ದಾರಿಯ ಎಲ್ಲ ಎತ್ತಿನ ಗಾಡಿಗಳೂ ಕಿರುಚುತ್ತಿದ್ದವು. ಮುನಿವೆಂಕಟಪ್ಪನ ಗಾಡಿ ಮಾತ್ರ ಬೆಕ್ಕಿನಂತೆ ನಡೆಯುತ್ತಿತ್ತು. ಗಾಲಿಯ ಇರುಸು ಮುಟ್ಟಿ ನೋಡಿದೆ: ಕಪ್ಪು, ಅಂಟು, ಹೊಗೆಯ ಘಾಟು. ಡಾಂಬರು. ಕೆಂಡ ಸಾಕಷ್ಟು ಕಾದಿದ್ದರೆ ಕಡ್ಡಿಯೊಳಗಿನ ಜಿಡ್ಡೆಲ್ಲ ಒಡೆದು ಅನಿಲವಾಗುತ್ತದೆ. ನೀರು ಹೆಚ್ಚು ಬಿಟ್ಟರೆ ಕೆಂಡ ತಣಿದು, ಜಲಜನಕವೂ ಹುಟ್ಟದೆ, ಜಿಡ್ಡು ಜಿಡ್ಡಾಗಿಯೇ ಉಳಿದು ಅನಿಲವನ್ನು ತಂಪು ಮಾಡುವ ಕೊಳವೆಯ ತಳಕ್ಕೆ ಇಳಿಯುತ್ತದೆ. ಅಂದರೆ ನಾನು ಶಕ್ತಿಗಾಗಿ ಇಟ್ಟ ನಲ್ಲಿಯನ್ನೇ ಸ್ವಲ್ಪ ಮುಂದೆ ತಿರುಗಿಸಿ ಅವರು ಕೀಲೆಣ್ಣೆ ತಯಾರಿಸುತ್ತಿದ್ದರು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಗು ಬಂತು. ತಾನಾಗಿ ತಳಕ್ಕಿಳಿದಷ್ಟನ್ನು ತೆಗೆದುಕೊಳ್ಳಿ, ನಲ್ಲಿ ಮುಟ್ಟಬೇಡಿ ಎಂದು ಒಪ್ಪಂದವಾಯಿತು. ಅವರು ಮಾತಿಗೆ ತಪ್ಪಲಿಲ್ಲ.

ಆಮೇಲೆ ದನಗಳಿಗೆ ಕಾಲುಬಾಯಿ ಜ್ವರ ಬಂತು.

ಸಂತೆಯಿಂದ ಕೊಂಡು ತಂದ ಹೋರಿಯೊಂದರಿಂದ ಶುರುವಾಗಿ, ದಿನ ಕಳೆದಂತೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹರಡಿತು. ಬಾಯಲ್ಲಿ ಹುಣ್ಣು, ಸುರಿಯುವ ಜೊಲ್ಲು, ಗೊರಸಿನ ಸೀಳಿನಲ್ಲಿ ಗಾಯ. ಗಾಯಕ್ಕೆ ನೊಣ ಕೂತು ಹುಳು ಬಿದ್ದರೆ ಗೊರಸೇ ಕಳಚಿ, ಎತ್ತು ಮತ್ತೆಂದೂ ನೇಗಿಲಿಗೆ ಬಾರದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಫಿನಾಯಿಲು ಮೊದಲೇ ಇಲ್ಲ. ಇಡೀ ತಾಲ್ಲೂಕಿಗೆ ಒಬ್ಬ ದನದ ಡಾಕ್ಟರು. ಮುಂಗಾರು ಹತ್ತಿರದಲ್ಲಿತ್ತು. ಉಳುವ ಹೊತ್ತಿಗೆ ಎತ್ತು ಏಳದಿದ್ದರೆ ರಾಗಿಯಿಲ್ಲ. ಅಕ್ಕಯ್ಯಮ್ಮನವರ ಎಡಗಡೆಯ ಎತ್ತು ಮೊದಲು ಕುಂಟಿತು. ಅವರು ಕೊಳವೆಯ ತಳದ ಡಾಂಬರನ್ನು ಕರಟದಲ್ಲಿ ಬೆಚ್ಚಗೆ ಮಾಡಿ ಗೊರಸಿಗೆ ಹಚ್ಚಿದರು. ನೊಣ ಹತ್ತಿರ ಸುಳಿಯಲಿಲ್ಲ. ಗಾಯ ಒಣಗತೊಡಗಿತು. ಊರಿಗೆಲ್ಲ ಸುದ್ದಿಯಾಯಿತು.

ಬಾವಿಯ ಕಟ್ಟೆಯ ಮೇಲೆ ಸಭೆ ಸೇರಿತು. ಸುಬ್ಬರಾಯರು ಬರುವ ದಿನ ಸಮೀಪಿಸಿತ್ತು. ನಾನು ಎದ್ದು ನಿಂತು, ಕಾಲೇಜಿನಲ್ಲಿ ಕಲಿತಂತೆ ನನ್ನ ವಾದವನ್ನು ಕ್ರಮವಾಗಿ ಮಂಡಿಸಿದೆ. ಡಾಂಬರಿಗಾಗಿ ತಣ್ಣಗೆ ಉರಿಸಿದರೆ ಕೊಳವೆ, ನಾರು, ಎಂಜಿನ್ನಿನ ವಾಲ್ವುಗಳೆಲ್ಲ ಅಂಟುತ್ತವೆ. ಅಂಟಿದರೆ ಪರೀಕ್ಷೆಯಲ್ಲಿ ಸೋಲು. ಸೋತರೆ ಯಂತ್ರ ಹೋಗುತ್ತದೆ. ಯಂತ್ರ ಉಳಿದರೆ ಮುಂದೆ ಎಷ್ಟೋ ವರ್ಷ ಎತ್ತುಗಳು ಕಪಿಲೆ ಎಳೆಯಬೇಕಾಗಿಲ್ಲ. ಇಂದಿನ ಕಷ್ಟವನ್ನು ನಾಳಿನ ಸುಖಕ್ಕಾಗಿ ತಾಳಿಕೊಳ್ಳಬೇಕು. ಒಂದು ಮಾತೂ ಸುಳ್ಳಲ್ಲ. ಇವತ್ತಿಗೂ ಆ ವಾದದಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಅಕ್ಕಯ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

"ಸ್ವಾಮಿ, ಒಂದ್ ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ಈ ಗುಡಾಣ ಯಾರ್ದು?"

ನಮ್ಮ ಹಂಡೆಗೆ ಅವರು ಗುಡಾಣವೆಂದೇ ಹೆಸರಿಟ್ಟಿದ್ದರು. "ಸರ್ಕಾರದ್ದು" ಎಂದೆ.

"ಎತ್ತು ಯಾರ್ದು?"

"ನಿಮ್ಮದು."

"ಸರ್ಕಾರದ್ದು ಇವತ್ತು ಇರ್ತದೆ, ನಾಳೆ ಮನಸು ಬಂದ್ರೆ ಹೊತ್ಕಂಡು ಹೋಯ್ತದೆ. ನೀವೇ ಇರ್ತೀರೋ ಇಲ್ವೋ, ವರ್ಗ ಮಾಡಾಕಿಲ್ವಾ? ಗೊರಸು ಬಿದ್ರೆ ನಾನು ಯಾರ್ ತಾವ ಹೋಗಿ ಅತ್ಕಳ್ಳಿ?"

"ಅತ್ತಿಗೆ, ಹಂಗಲ್ಲ, ಸ್ವಾಮಿಯೋರು ಹೇಳೋದು…" ಎಂದು ಮುನಿವೆಂಕಟಪ್ಪ ಬಾಯಿ ಹಾಕಿದ.

"ನೀನು ಸುಮ್ಕಿರೋ, ಬೀಡಿತಾತ!" ಎಂದರು. ಸಭೆಯೆಲ್ಲ ನಕ್ಕಿತು. ಅವರು ನಗಲಿಲ್ಲ. "ಎರಡೂ ಆಗಾಕಿಲ್ವಾ ಸ್ವಾಮಿ? ಬೆಳಗ್ಗೆ ನಿಮ್ ನೀರು. ಹೊತ್ತು ತಿರುಗಿದ ಮ್ಯಾಕೆ ನಮ್ ಎಣ್ಣೆ."

ಎರಡೂ ಆಗುತ್ತಿತ್ತು, ಇದನ್ನು ತರುಣರು ಗಮನಿಸಬೇಕು. ಎಂಜಿನ್ನಿಗೆ ಸಂಬಂಧವಿಲ್ಲದಂತೆ, ಬೇರೆಯೇ ಒಂದು ಮುಚ್ಚಿದ ಪೀಪಾಯಿಯಲ್ಲಿ ಕಡ್ಡಿಯನ್ನು ಕಾಯಿಸಿ ಡಾಂಬರು ಇಳಿಸಿಕೊಂಡರೆ, ಉಳಿದ ಇದ್ದಿಲು ಹಂಡೆಗೆ ಇನ್ನೂ ಒಳ್ಳೆಯ ಇಂಧನ. ಡಾಂಬರು ದನಕ್ಕೆ, ಇದ್ದಿಲು ಎಂಜಿನ್ನಿಗೆ. ಬೇಕಾದದ್ದು ಒಂದು ಕಬ್ಬಿಣದ ಪೀಪಾಯಿ. ಆದರೆ ಆಗ ಪೀಪಾಯಿಗಳೆಲ್ಲ ಮಿಲಿಟರಿಯ ಪಾಲು. ನಾನು ಬೆಂಗಳೂರಿಗೆ ಹೋಗಿ ಸುಬ್ಬರಾಯರ ಮುಂದೆ ನಿಂತು ಕೇಳಿದೆ.

"ಗೊರಸಿಗೆ ಹಚ್ಚೋ ಎಣ್ಣೆಗೆ ಪೀಪಾಯಿ ಕೊಡಿ ಅಂತ ನಾನು ಯಾರನ್ನ ಕೇಳ್ಲಿ? ಅದು ಪಶುವೈದ್ಯ ಇಲಾಖೆ" ಎಂದರು.

"ಹಾಗಾದರೆ ಪರೀಕ್ಷೆಯನ್ನಾದರೂ ಮುಂದಕ್ಕೆ ಹಾಕಿ."

"ಎಂಜಿನ್ನಿಗೆ ಈಗಾಗ್ಲೇ ಬೇರೆಯವರು ಕಾಯ್ತಾ ಇದಾರೆ. ಮುಂದಕ್ಕೆ ಹಾಕೋ ಅಧಿಕಾರ ನನಗಿದ್ದಿದ್ರೆ, ಈ ಯುದ್ಧಾನೇ ಮುಂದಕ್ಕೆ ಹಾಕ್ತಿದ್ದೆ."

ಮರಳಿ ಬಂದು ಅಕ್ಕಯ್ಯಮ್ಮನವರ ಸೂತ್ರವನ್ನೇ ಒಪ್ಪಿಕೊಂಡೆ. ಬೆಳಗ್ಗೆ ನಲ್ಲಿ ಗೆರೆಯಲ್ಲಿ. ಮಧ್ಯಾಹ್ನದ ಮೇಲೆ ಎಂಜಿನ್ನಿನ ಕೊಳವೆ ಕಳಚಿ, ಕೈಪಂಖದಿಂದ ಗಾಳಿ ಊದಿ, ನಲ್ಲಿಯನ್ನು ಗೆರೆ ದಾಟಿಸಿ ಡಾಂಬರು. ಸಂಜೆಗೆ ನಾರು ತೊಳೆದು, ಕೊಳವೆ ತಿಕ್ಕುವುದು. ಇಷ್ಟೇ ಆಗಿದ್ದರೆ ನಡೆದುಹೋಗುತ್ತಿತ್ತು. ಆದರೆ ರೋಗಕ್ಕೆ ಊರ ಗಡಿಯಿಲ್ಲ, ಸುದ್ದಿಗೂ ಇಲ್ಲ. ಸುತ್ತಲಿನ ಹಳ್ಳಿಗಳಿಂದ ಕುಡಿಕೆ, ಕರಟ, ಮುರುಕು ತಂಬಿಗೆ ಹಿಡಿದು ಜನ ಬಾವಿಯ ಬಳಿ ಕೂರತೊಡಗಿದರು. ಅವರು ತಂದದ್ದು ಹಸಿ ಕಡ್ಡಿ. ಒಣಗುವವರೆಗೆ ಕಾಯುವ ವ್ಯವಧಾನ ಅವರ ಎತ್ತುಗಳಿಗಿರಲಿಲ್ಲ. ಹಸಿ ಕಡ್ಡಿಯಿಂದ ಡಾಂಬರು ಧಾರಾಳವಾಗಿ ಇಳಿಯಿತು. ಅಷ್ಟೇ ಧಾರಾಳವಾಗಿ ಹಂಡೆಯ ಗೋಡೆಗೂ ಮೆತ್ತಿತು. ಬೆಳಗ್ಗೆ ಎಷ್ಟೇ ಬಿಸಿಯಾಗಿ ಉರಿಸಿದರೂ ಆ ಮೆತ್ತಿದ್ದು ಕರಗಿ ಎಂಜಿನ್ನಿನತ್ತ ಹರಿಯುತ್ತಿತ್ತು. ಬಂದವರನ್ನು ಹಿಂದಕ್ಕೆ ಕಳಿಸೋಣವೇ ಎಂದು ಗಫಾರ್ ಸಾಹೇಬರನ್ನು ಕೇಳಿದೆ. ಅವರು ಮಂಡಿಯೂರಿ ವಾಲ್ವು ಕೆರೆಯುತ್ತಿದ್ದರು. "ನೀವೇ ಹೇಳಿ ಸಾಹೇಬ್ರೆ. ನಿಮಗೆ ಭಾಷಣ ಬರುತ್ತೆ, ನನಗೆ ಬರಲ್ಲ" ಎಂದರು. ನನಗೂ ಬರಲಿಲ್ಲ.

ಸುಬ್ಬರಾಯರು ದೇವನಹಳ್ಳಿಯವರೆಗೆ ರೈಲಿನಲ್ಲಿ, ಅಲ್ಲಿಂದ ಮುನಿವೆಂಕಟಪ್ಪನ ಗಾಡಿಯಲ್ಲಿ ಬಂದರು. ಇಡೀ ಊರು ನೆರೆದಿತ್ತು. ಹಿಂದಿನ ದಿನ ಡಾಂಬರಿನ ಕೆಲಸ ನಿಲ್ಲಿಸಿ ಎಲ್ಲವನ್ನೂ ಕೈಲಾದಷ್ಟು ತೊಳೆದಿದ್ದೆವು. ಅಕ್ಕಯ್ಯಮ್ಮನವರೇ ಬೂದಿ ಹಚ್ಚಿ ಕೊಳವೆ ಉಜ್ಜಿದ್ದರು. ಎಂಜಿನ್ನು ಓಡತೊಡಗಿತು. ನೀರು ಬಂತು. ಮುಖ್ಯ ಕಾಲುವೆ ತುಂಬಿ ತೋಟದ ಮೊದಲ ಸಾಲಿಗೆ ಹರಿಯುವುದನ್ನು ಸುಬ್ಬರಾಯರು ಕೊಡೆಯೂರಿಕೊಂಡು ನೋಡಿದರು. ಅವರ ಮುಖದಲ್ಲಿ ಮೆಚ್ಚುಗೆ ಮೂಡುವುದು ನನಗೆ ಕಾಣುತ್ತಿತ್ತು. ಆಗ ಎಂಜಿನ್ನು ಒಂದು ಸಲ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು. ಗಫಾರ್ ಸಾಹೇಬರು ಹ್ಯಾಂಡಲ್ಲಿಗೆ ಜೋತುಬಿದ್ದು ತಿರುಗಿಸಿದರು. ವಾಲ್ವುಗಳು ಅಂಟಿದ್ದವು. ಕಾಲುವೆಯ ನೀರು ಮೆಲ್ಲಗೆ ಮಣ್ಣಿಗಿಂಗಿತು.

ಸುಬ್ಬರಾಯರು ವಾಲ್ವಿನ ಮೇಲಿನ ಕಪ್ಪನ್ನು ಬೆರಳಿನಿಂದ ಮುಟ್ಟಿ ಮೂಸಿದರು. "ಇದೇನಾ ನಿಮ್ಮ ಎಣ್ಣೆ?"

ನಾನು ತಲೆಯಾಡಿಸಿದೆ. ಅಕ್ಕಯ್ಯಮ್ಮ ಎಡಗಡೆಯ ಎತ್ತನ್ನು ಹಿಡಿದು ತಂದು, ಅದರ ಕಾಲೆತ್ತಿ ಗೊರಸಿನ ಸೀಳನ್ನು ತೋರಿಸಿದರು. ಗಾಯ ಮಾಯ್ದು ಹೊಸ ಚರ್ಮ ಬಂದಿತ್ತು. ಸುಬ್ಬರಾಯರು ಬಗ್ಗಿ ಬಹಳ ಹೊತ್ತು ನೋಡಿದರು. ಪಂಚೆಯ ಅಂಚು ಕೆಸರಾದುದನ್ನೂ ಲೆಕ್ಕಿಸಲಿಲ್ಲ.

"ಒಳ್ಳೇ ಕೆಲಸ ಮಾಡಿದೀರಮ್ಮ" ಎಂದರು. ಆಮೇಲೆ ನನ್ನತ್ತ ತಿರುಗಿ, ಸಣ್ಣ ದನಿಯಲ್ಲಿ, "ಆದರೆ ನನ್ನನ್ನ ಕಳಿಸಿದವರು ಕೇಳಿರೋದು ಒಂದೇ ಪ್ರಶ್ನೆ. ಎಂಜಿನ್ನು ನೀರೆತ್ತುತ್ತಾ, ಇಲ್ವಾ? ನೀವೇ ಹೇಳಿ, ಏನಂತ ಬರೀಲಿ?"

ಪರವೋ ವಿರೋಧವೋ. ನನ್ನ ವಿದ್ಯೆಯೆಲ್ಲ ಇದ್ದದ್ದೇ ಆ ಬಗೆಯ ಪ್ರಶ್ನೆಗೆ ಉತ್ತರಿಸುವುದರಲ್ಲಿ. ಆ ದಿನ ನಾನು ಬಗ್ಗಿ ಹಿತ್ತಾಳೆಯ ನಲ್ಲಿಯನ್ನು ಮುಚ್ಚಿದೆ. ಹರಳುಕಡ್ಡಿ ಅನಿಲಕ್ಕೆ ಯೋಗ್ಯವಲ್ಲವೆಂದು ಅವರು ವರದಿ ಕೊಟ್ಟರು. ನಿಂತ ಎಂಜಿನ್ನನ್ನು ಕಣ್ಣಾರೆ ಕಂಡವರು ಬೇರೇನು ಬರೆಯಬಹುದಿತ್ತು?

ಯುದ್ಧ ಮುಗಿಯಿತು. ಪೆಟ್ರೋಲು ಹಿಂದಿರುಗಿತು. ಬಸ್ಸಿನವರು ಹಂಡೆಗಳನ್ನು ಕಿತ್ತು, ಹಾಳು ಪೀಡೆ ತೊಲಗಿತೆಂದು ಕೈ ತೊಳೆದುಕೊಂಡರು. ಪೀಪಾಯಿಯ ವಿಚಾರವನ್ನು ನಾನು ಆಮೇಲೂ ಒಂದೆರಡು ಕಡೆ ಎತ್ತಿದೆ. ವಿದ್ಯುತ್ತು ಬರುವ ಕಾಲದಲ್ಲಿ ಇದೆಂಥ ಕಡ್ಡಿಪುರಾಣ ಎಂದು ನಕ್ಕರು. ನಗುವುದು ಸಹಜವಾಗಿತ್ತು. ಗಫಾರ್ ಸಾಹೇಬರು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮೋಟಾರು ರಿಪೇರಿಗೆ ಹೋದರು. ತೀರಿಕೊಳ್ಳುವ ಮೊದಲು ಒಮ್ಮೆ ಸಿಕ್ಕಾಗ, "ಆ ಒಂದು ಪೀಪಾಯಿ ಸಿಕ್ಕಿದ್ದಿದ್ರೆ ಸಾಹೇಬ್ರೆ…" ಎಂದು ಅರ್ಧಕ್ಕೇ ನಿಲ್ಲಿಸಿದರು.

ನಮ್ಮ ಮನೆಗೆ ಬಂದಿದ್ದ ತರುಣರು, ನಿಮ್ಮ ಅನಿಲದಲ್ಲಿ ಜಲಜನಕದ ಪ್ರಮಾಣ ಎಷ್ಟಿತ್ತೆಂದು ಕೇಳಿದರು. ಅಳೆಯುವ ಉಪಕರಣ ನಮ್ಮಲ್ಲಿರಲಿಲ್ಲ. ಜ್ವಾಲೆ ಹಗಲಲ್ಲಿ ಕಾಣುತ್ತಿರಲಿಲ್ಲ, ಅಷ್ಟು ಬಲ್ಲೆ. ತಮ್ಮ ಯಂತ್ರದ ಚಿತ್ರವನ್ನು ತೋರಿಸಿದರು. ಬಹಳ ಅಚ್ಚುಕಟ್ಟು. ಡಾಂಬರನ್ನು ಪೂರ್ತಿ ಸುಟ್ಟುಬಿಡುವ ಏರ್ಪಾಡು ಅದರಲ್ಲಿದೆಯಂತೆ. ನಾನು ಆ ಚಿತ್ರದಲ್ಲಿ ಪೀಪಾಯಿಯ ಜಾಗವನ್ನು ಹುಡುಕುತ್ತಿದ್ದೆ.

ಯಂತ್ರವನ್ನು ವಾಪಸ್ಸು ಸಾಗಿಸಿದ ದಿನವನ್ನು ಹೇಳಿ ಮುಗಿಸುತ್ತೇನೆ. ಮೊದಲ ಮಳೆ ಬಿದ್ದು, ಊರಿನ ಎತ್ತುಗಳು ಉಳುಮೆಗೆ ಇಳಿದಿದ್ದವು. ಹಂಡೆ, ಪಂಪು, ಎಂಜಿನ್ನನ್ನು ರೈಲಿಗೆ ಮುಟ್ಟಿಸಲು ಗಾಡಿ ಬೇಕಿತ್ತು. ಅಕ್ಕಯ್ಯಮ್ಮ ಆ ದಿನದ ಉಳುಮೆ ಬಿಟ್ಟು ತಮ್ಮ ಜೋಡಿಯನ್ನೇ ಮೈದುನನ ಗಾಡಿಗೆ ಕಟ್ಟಿಸಿದರು. ಗಾಡಿ ಹೊರಡುವ ಮುನ್ನ ಕೊಳವೆಯ ತಳದಲ್ಲಿ ಉಳಿದಿದ್ದನ್ನು ಕರಟದಿಂದ ಕೆರೆದು, ಒಂದಿಷ್ಟನ್ನು ಇರುಸಿಗೆ ಬಳಿದು, ಮಿಕ್ಕದ್ದನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡರು.

"ಈ ಗುಡಾಣಾನ ಅಲ್ಲಿ ತಗಂಡೋಗಿ ಏನ್ ಮಾಡ್ತೀರಾ ಸ್ವಾಮಿ?"

ಎಂಜಿನ್ನು ಬೇರೆಯವರಿಗೆ, ಹಂಡೆ ಗುಜರಿಗೆ ಹೋಗುವುದೆಂದು ನನಗೆ ಗೊತ್ತಿತ್ತು. "ಇಟ್ಟಿರ್ತಾರೆ" ಎಂದೆ.

"ಮಡಗಿರಿ ಅಂತ ಹೇಳಿ. ಬೇಕಾಯ್ತದೆ."

ಮುನಿವೆಂಕಟಪ್ಪ ಹಗ್ಗ ಅಲುಗಿಸಿದ. ಆ ಡಾಂಬರಿನಿಂದ ಮಾಯ್ದ ಕಾಲುಗಳು ಆ ಹಂಡೆಯನ್ನು ಎಳೆಯುತ್ತ ನಡೆದವು. ನಾನು ಗಾಡಿಯ ಹಿಂದೆ ನಡೆದೆ. ಹಂಡೆ, ಎಂಜಿನ್ನಿನ ಅಷ್ಟು ಭಾರವಿದ್ದರೂ, ದೇವನಹಳ್ಳಿಯ ಸ್ಟೇಷನ್ ಮುಟ್ಟುವವರೆಗೆ ಗಾಡಿಯ ಕೀಲು ಒಂದು ಸಲವೂ ಕಿರ್ರೆನ್ನಲಿಲ್ಲ.